ಎಂಟು ಹತ್ತರ ಹುಗ್ಗಿ

ನನ್ನ ಉಪವಾಸದ ಶಕ್ತಿ ಹೆಚ್ಚೆಂದರೆ ಒಂದು ಗಂಟೆಯದು. ಪುಣ್ಯಕ್ಕೆ ನಮ್ಮ ಕಥೋಲಿಕ ಧರ್ಮಸಭೆ ಕೇಳುವುದೂ ಅಷ್ಟನ್ನೇ. ಪೂಜೆಯಲ್ಲಿ ಪರಮಪ್ರಸಾದದ ರೊಟ್ಟಿ ಸ್ವೀಕರಿಸುವ ಮುಂಚೆ ಒಂದು ಗಂಟೆ ನೀರಿನ ಹೊರತು ಏನೂ ಮುಟ್ಟುವಂತಿಲ್ಲ. ನಮ್ಮಜ್ಜಿಯ ಕಾಲದಲ್ಲಿ ಹಿಂದಿನ ರಾತ್ರಿಯಿಂದಲೇ ನೀರೂ ಮುಟ್ಟುವಂತಿರಲಿಲ್ಲವಂತೆ. ಆಗ ಹುಟ್ಟಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಗಂಗಾವತಿಯ ನಮ್ಮ ಸಣ್ಣ ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ಕಲಿಸುವವಳು ನಾನೇ. ಆ ಭಾನುವಾರ ನಾನು ಕಲಿಸಿದ ನಾಲ್ಕು ಮಕ್ಕಳಿಗೆ ಮೊದಲ ಪರಮಪ್ರಸಾದ. ಉಪವಾಸ ಒಂದು ನಿಮಿಷ ಕಡಿಮೆಯಾದರೂ ಸಾಲಿಗೆ ಬರಕೂಡದು, ಫಾದರ್ ‘ಕ್ರಿಸ್ತರ ಶರೀರ’ ಅಂದಾಗ ಮನಸ್ಸಿಟ್ಟು ‘ಆಮೆನ್’ ಅನ್ನಬೇಕು ಎಂದು ಮೂರು ತಿಂಗಳು ಅವರ ತಲೆ ತಿಂದಿದ್ದೆ.

ಹೊರಡುವ ಹೊತ್ತಿಗೆ ಬಾಡಿಗೆ ಮನೆಯ ಮಾಲಕಿ ಬಸಮ್ಮ ಬಟ್ಟಲು ಹಿಡಿದು ಅಡ್ಡ ನಿಂತಳು. “ಮೊಮ್ಮಗಳ ತೊಟ್ಟಿಲ ಐತ್ರಿ ಟೀಚರ್. ಒಂದು ತುತ್ತರ ಬಾಯಾಗ ಹಾಕ್ಕೊಂಡು ಹೋಗ್ರಿ.” ಗೋಧಿ ಹುಗ್ಗಿ, ಮೇಲೆ ಬಿಸಿ ತುಪ್ಪ. ಧರ್ಮೋಪದೇಶವೆಲ್ಲ ಮರೆತು ಬಟ್ಟಲು ಖಾಲಿ ಮಾಡಿದೆ. ಬಾಯಿ ಒರೆಸಿಕೊಳ್ಳುವಾಗ ಕೈಗಡಿಯಾರ ಕಂಡಿತು. ಎಂಟು ಹತ್ತು! ಚರ್ಚಿನಲ್ಲಿ ಬಲಿಪೂಜೆ ಎಂಟೂವರೆಗೆ. ಪರಮಪ್ರಸಾದ ಒಂಬತ್ತು ಹತ್ತರೊಳಗೆ ಬಂದುಬಿಟ್ಟರೆ?

ಎದ್ದು ಸಾಲಿಗೆ ಹೋಗದೆ ಕೂತರೆ ನಮ್ಮ ಟೀಚರ್ ಏನೋ ಪಾಪ ಮಾಡ್ಯಾರ ಎಂದು ಮಕ್ಕಳು ಅಂದುಕೊಳ್ಳುತ್ತಾರೆ. ಹೋದರೆ ಅವರಿಗೆ ಕಲಿಸಿದ್ದನ್ನು ನಾನೇ ಮುರಿದಂತೆ. ಪ್ರತಿ ವಾರ ಫಾದರ್ ಮಾಡುವ ಪ್ರಬೋಧನೆ ಬೇಗ ಮುಗಿಯಲಿ ಎಂದು ಬೇಡುವವಳು ಅಂದು ಉದ್ದವಾಗಲಪ್ಪಾ ಎಂದು ಬೇಡಿದೆ. ಆದರೆ ಫಾದರಿಗೆ ಆಮೇಲೆ ಕುಷ್ಟಗಿಯಲ್ಲಿ ಇನ್ನೊಂದು ಪೂಜೆ. ಆರೇ ನಿಮಿಷಕ್ಕೆ ಮುಗಿಸಿದರು. ಏನು ಹೇಳಿದರೆಂದು ಕೇಳಬೇಡಿ. ಆರು ನಿಮಿಷ ಎಂಬುದಷ್ಟೇ ನನಗೆ ಗೊತ್ತು.

ಒಂಬತ್ತು ಐದಕ್ಕೆ ಮಕ್ಕಳು ಪರಮಪ್ರಸಾದಕ್ಕೆ ಎದ್ದರು. ಅವರ ಹಿಂದೆಯೇ ನಾನು ಹೋಗಬೇಕು. ಬಿಳಿ ಫ್ರಾಕಿನ ರೀಟಾ ಕೈಮುಗಿದು ನಡೆದಳು. ಆ ಮಗುವಿನ ಮುಖವನ್ನೂ ನೋಡಲಿಲ್ಲ ನಾನು, ಗಡಿಯಾರದ ಮುಳ್ಳು ನೋಡುತ್ತಿದ್ದೆ. “ನೀವು ಮುಂದ ಹೋಗ್ರಿ” ಎಂದು ಮೊಣಕಾಲು ನೋವಿನ ಅಜ್ಜಿಗೆ ದಾರಿ ಬಿಟ್ಟೆ. ಅಜ್ಜಿಯ ಹಿಂದಿನವರಿಗೂ ಬಿಟ್ಟೆ. “ಟೀಚರ್ ಭಾಳ ಛಲೋ ಮನಶ್ಯಾರ” ಎಂದು ಯಾರೋ ಪಿಸುಗುಟ್ಟಿದರು. ನಾಚಿಕೆಯಾಯಿತು. ಆದರೂ ಇನ್ನಿಬ್ಬರನ್ನು ಮುಂದೆ ಕಳಿಸಿದೆ.

ಕೊನೆಗೆ ಉಳಿದವಳು ನಾನೊಬ್ಬಳೇ. ಗಡಿಯಾರವನ್ನು ಒಳಮಗ್ಗುಲಿಗೆ ಕಟ್ಟುವ ಅಭ್ಯಾಸ ನನಗೆ. ಅಂಗೈ ಒಡ್ಡಿದರೆ ಅದೇ ಕಣ್ಣೆದುರು.

“ಕ್ರಿಸ್ತರ ಶರೀರ” ಎಂದರು ಫಾದರ್.

“ಒಂಬತ್ತು ಹತ್ತಾತ್ರಿ” ಎಂದೆ ನಾನು. ಗಟ್ಟಿಯಾಗಿಯೇ.

ಫಾದರ್ ಕೈ ಅಲ್ಲೇ ನಿಂತಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವರು ನಗಲಿಲ್ಲ, ಗದರಲಿಲ್ಲ. ಕುಷ್ಟಗಿಯ ಅವಸರವನ್ನೆಲ್ಲ ಬದಿಗಿಟ್ಟವರಂತೆ ಇನ್ನೊಮ್ಮೆ ಮೆಲ್ಲಗೆ ಹೇಳಿದರು, “ಕ್ರಿಸ್ತರ ಶರೀರ.” ಅರವತ್ತು ನಿಮಿಷ ನಾನು ಗಡಿಯಾರ ಕಾಯುತ್ತಿದ್ದಾಗ ದೇವರು ನನ್ನನ್ನು ಕಾಯುತ್ತಿದ್ದ ಅನ್ನಿಸಿ ಕಣ್ಣು ತುಂಬಿತು. ಆಮೆನ್ ಎಂದೆ.

ಪೂಜೆ ಮುಗಿದ ಮೇಲೆ, ಮೊದಲ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ರೀಟಾ ಅಳುಮುಖ ಮಾಡಿಕೊಂಡು ಬಂದಳು.

“ಟೀಚರ್, ನಾ ಟೈಮ್ ಹೇಳಾಕ ಮರ್ತೇನ್ರಿ. ಬರೇ ಆಮೆನ್ ಅಂದೇನಿ. ನಡೀತೈತೇನ್ರಿ?”

“ನಡೀತೈತವ್ವ” ಎಂದು ಅವಳನ್ನು ಅಪ್ಪಿಕೊಂಡೆ. “ಮುಂದಿನ ವಾರ ನಂಗೂ ಹಂಗ ಅನ್ನಾಕ ಕಲಿಸು.”