ರಾಜನ ಎಂಜಿನ್ನಿಗೆ ಕುಂಕುಮ

ನನ್ನ ಮೊಮ್ಮಗಳ ಎಂಜಿನ್ನಿಗೆ ನಿನ್ನೆ ಮುಂಬೈ ಹತ್ತಿರದ ಠಾಣೆ ಊರಿನ ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು! ಗೇಣುದ್ದದ ಎಂಜಿನ್. ಜಪಾನ್ ದೇಶದ ರಾಜನ ಗಾಡಿಯನ್ನು ಎಳೆಯುವ ಎಂಜಿನ್ನಿನ ಪಡಿಯಚ್ಚು, ಅವಳು ಕೈಯಾರೆ ಮಾಡಿದ್ದು. ಅದಕ್ಕಿಂತ ದೊಡ್ಡ ಸುದ್ದಿ ಇನ್ನೊಂದಿದೆ. ಅದನ್ನು ನೋಡಲು ನನ್ನ ಸೊಸೆ ನಮ್ಮ ಠಾಕುರ್ಲಿಯಿಂದ ಠಾಣೆಯವರೆಗೆ ಲೋಕಲ್ ಗಾಡಿಯಲ್ಲಿ ಬಂದಳು. ಎಂಟು ವರ್ಷದ ಮೇಲೆ ಗಾಡಿ ಹತ್ತಿದಳು! ಕೆಳಗಿನ ಹಾಲಿನ ಅಂಗಡಿಯವನಿಗೆ ಹೇಳಿದೆ. ಲಿಫ್ಟಿನಲ್ಲಿ ಸಿಕ್ಕ ಗುರುತಿಲ್ಲದ ಹೆಂಗಸಿಗೂ ಹೇಳಿದೆ. ಆಕೆ ಮರಾಠಿಯಲ್ಲಿ "ಹೋ ಕಾ?", ಹೌದೇ, ಅಂದು ಮೂರನೇ ಮಾಳಿಗೆಯಲ್ಲಿ ಇಳಿದುಹೋದಳು. ಹೊಟ್ಟೆಯಲ್ಲಿ ಹಿಡಿಸುತ್ತಿಲ್ಲ, ಅದಕ್ಕೆ ಬರೆಯಲು ಕುಳಿತೆ. ಮೂರನೇ ಇಯತ್ತೆಯವರೆಗೆ ಓದಿದವನು ನಾನು, ಕೈ ನಿಧಾನ.

ಸಂತೋಷದ ಸುದ್ದಿಯನ್ನು ಹೇಳಬೇಕಾದರೆ ಅದರ ಹಿಂದಿನದನ್ನೂ ಹೇಳಬೇಕಾಗುತ್ತದೆ, ಏನು ಮಾಡಲಿ.

ನನ್ನ ಮಗ ಠಾಣೆಯ ಗೋದಾಮಿನಲ್ಲಿ ಮಾಲು ಇಳಿಸುವ ಕೆಲಸಕ್ಕೆ ಹೋಗುತ್ತಿದ್ದ. ಒಂದು ಮುಂಜಾನೆ ಗಾಡಿ ತುಂಬಿತ್ತು, ಅವನಿಗೆ ಬಾಗಿಲಲ್ಲಿ ಕಾಲಿಡುವಷ್ಟು ಜಾಗ ಸಿಕ್ಕಿತ್ತು. ದಿವಾ ಸ್ಟೇಷನ್ ದಾಟಿದ ಮೇಲೆ ಪಕ್ಕದ ಹಳಿಯಲ್ಲಿ ಇನ್ನೊಂದು ಗಾಡಿ ಬಂತು, ಒಳಗಿನಿಂದ ನೂಕು ಬಂತು, ಕೈ ಜಾರಿತು. ಜೊತೆಗಿದ್ದವರು ಹೇಳಿದ್ದು ಇಷ್ಟೇ. ನಾನೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಕಲ್ಯಾಣದ ಎಂಜಿನ್ ಶೆಡ್ಡಿನಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ಖಲಾಸಿಯಾಗಿದ್ದೆ. ಎಂಜಿನ್ ತೊಳೆದೆ, ಒರೆಸಿದೆ, ಅದರ ಅನ್ನ ಉಂಡೆ. ಅದೇ ಹಳಿಯ ಮೇಲೆ ನನ್ನ ಮಗ ಹೋದ. ಈ ಮಾತನ್ನು ಯಾವ ಕಡೆಯಿಂದ ತಿರುಗಿಸಿ ನೋಡಿದರೂ ಅದು ಹಾಗೆಯೇ ಇರುತ್ತದೆ.

ಅಂದಿನಿಂದ ಸೊಸೆ ಸ್ಟೇಷನ್ನಿನ ಕಡೆ ಮುಖ ಮಾಡಲಿಲ್ಲ. ಮನೆಯಲ್ಲೇ ಕುಳಿತು ನಕಲಿ ಒಡವೆಗಳಿಗೆ ಚಿಮಟದಿಂದ ಕಲ್ಲು ಅಂಟಿಸುವ ಕೆಲಸ ಹಿಡಿದಳು. ಭಾನುವಾರಕ್ಕೊಮ್ಮೆ ಬಸ್ಸಿನಲ್ಲಿ ಉಲ್ಹಾಸನಗರಕ್ಕೆ ಹೋಗಿ ತಯಾರಾದ ಮಾಲು ಕೊಟ್ಟು ಬರುತ್ತಾಳೆ. ನವಿ ಮುಂಬೈಯ ಆಫೀಸಿನಲ್ಲಿ ಕಂಪ್ಯೂಟರಿನ ಮೇಲೆ ನಕ್ಷೆ ಬಿಡಿಸುವ ಮೊಮ್ಮಗಳು ಕೂಡ ಅವ್ವನ ಸಲುವಾಗಿ ಕಂಪನಿ ಬಸ್ಸಿನಲ್ಲೇ ಓಡಾಡುತ್ತಾಳೆ, ಎರಡು ತಾಸು ಟ್ರಾಫಿಕ್ಕಿನಲ್ಲಿ ಕುಳಿತು. "ಈ ಮನ್ಯಾಗ ಗಾಡಿ ಅನ್ನೂ ಮಾತು ಬ್ಯಾಡ" ಎಂದು ಸೊಸೆ ಒಮ್ಮೆ ಹೇಳಿದ್ದಳು. ನಾವು ಬಾಯಿ ಕಟ್ಟಿಕೊಂಡೆವು.

ಅಂಥ ಮನೆಯಲ್ಲಿ ಈ ಹುಡುಗಿ ಎಂಜಿನ್ ಕಟ್ಟತೊಡಗಿದಳು. ಭಾನುವಾರ ಅವ್ವ ಮಾಲಿನ ಚೀಲ ಹಿಡಿದು ಹೊರಟರೆ ಸಾಕು, ನನ್ನ ಮಂಚದ ಕೆಳಗಿನ ಟ್ರಂಕಿನಿಂದ ಹಿತ್ತಾಳೆಯ ತಗಡು, ಕೂದಲಿನಷ್ಟು ಸಣ್ಣ ತಂತಿ, ಹುಣಸೆ ಬೀಜದಷ್ಟು ಮೋಟರು ಹೊರಗೆ ಬರುತ್ತಿದ್ದವು. ನಾನು ಕಿಟಕಿಯಲ್ಲಿ ಕಾವಲು. ಮೋಸವೇ ಸರಿ, ಒಪ್ಪುತ್ತೇನೆ. ಆದರೆ ಆ ಗಾಲಿಗಳನ್ನು ನೋಡಿದರೆ ನನ್ನ ಕೈ ಸುಮ್ಮನಿರುತ್ತಿರಲಿಲ್ಲ.

"ಇಷ್ಟು ಎಂಜಿನ್ ಇರೂವಾಗ ಜಪಾನಿಂದ್ಯಾಕವಾ?" ಎಂದು ಕೇಳಿದೆ.

ಅವಳು ಮೊಬೈಲಿನಲ್ಲಿ ತೋರಿಸಿದಳು. ಕಲ್ಲಿದ್ದಲಿನ ಕಾಲದಿಂದಲೂ ಅಲ್ಲಿ ರಾಜನ ಗಾಡಿಗೆಂದು ಒಳ್ಳೊಳ್ಳೆಯ ಎಂಜಿನ್ನುಗಳನ್ನು ಆರಿಸಿ, ಅವುಗಳ ಉಕ್ಕಿನ ಸರಳುಗಳನ್ನು ಬೆಳ್ಳಿಯಂತೆ ತಿಕ್ಕುತ್ತಿದ್ದರಂತೆ. ಕರೆಂಟು ಬಂದ ಮೇಲೆ ಆ ಕೆಲಸಕ್ಕೆಂದೇ ಹೊಸ ಎಂಜಿನ್ ಕಟ್ಟಿದರು. ಮೈತುಂಬ ಕಪ್ಪು ಬೆಲ್ಲದಂಥ ಕೆಂಪು, ಸುತ್ತಲೂ ಉಕ್ಕಿನ ಪಟ್ಟಿ, ಮುಂದೆ ಅಡ್ಡಡ್ಡ ಎರಡು ಬಾವುಟ. ರಾಜ ಇಳಿಯುವ ಬಾಗಿಲು ಹಾಸುಗಂಬಳಿಯ ಎದುರಿಗೇ ಬರುವಂತೆ ಡ್ರೈವರ್ ನಿಲ್ಲಿಸಬೇಕು, ಅಂಗೈಯಷ್ಟೂ ಆಚೀಚೆ ಆಗಬಾರದು.

"ಒರಸೂ ಖಲಾಸಿಗಳ ಹೆಸರು ಅದಾವೇನು ಅದರಾಗ?" ಎಂದೆ.

ಅವಳು ಬಹಳ ಹೊತ್ತು ಹುಡುಕಿದಳು. "ನಹೀ ಮಿಲಾ ಅಜ್ಜಾ, ಒಂದೂ ಇಲ್ಲ." ಇಲ್ಲೇ ಹುಟ್ಟಿ ಬೆಳೆದವಳು, ಅವಳ ಮಾತಿನಲ್ಲಿ ಅರ್ಧ ಹಿಂದಿ.

ಆಮೇಲೆ ಇನ್ನೊಂದು ಮಾತು ಹೇಳಿದಳು, ತಗಡಿನಿಂದ ಕಣ್ಣೆತ್ತದೆ. "ಸುನೋ ನಾ. ರಾಜನ ಗಾಡಿ ಹೊಂಟಾಗ ಬಾಜೂ ಮೇ, ಪಕ್ಕದ ಲೈನ್ ಮ್ಯಾಲೆ, ದುಸರಿ ಗಾಡಿ ಓಡಂಗಿಲ್ಲ. ರೂಲ್ ಹೈ. ಹಿಂದಿಂದ ಬಂದು ದಾಟಂಗಿಲ್ಲ, ಮ್ಯಾಲಿನ ಬ್ರಿಜ್ ಮೇಲೂ ಗಾಡಿ ಹೋಗಂಗಿಲ್ಲ. ಮೊದ್ಲು ಒಂದು ಖಾಲಿ ಗಾಡಿ ಬಿಟ್ಟು ಲೈನ್ ಬರೋಬರ್ ಐತೇನಂತ ನೋಡ್ತಾರ."

ಆಗ ನನಗೆ ತಿಳಿಯಿತು ಅವಳಿಗೆ ಈ ಎಂಜಿನ್ನೇ ಯಾಕೆ ಬೇಕಾಯಿತೆಂದು. ನಾನು ಕಿಟಕಿಯ ಕಡೆ ತಿರುಗಿಕೊಂಡೆ.

ಖಂಡೇ ಪೂಜೆಯ, ಅಂದರೆ ಆಯುಧ ಪೂಜೆಯ, ಹಿಂದಿನ ದಿನ, ಅವ್ವ ಸಂತೆಗೆ ಹೋದಾಗ, ಎಂಜಿನ್ನಿಗೆ ಕೊನೆಯ ಬಣ್ಣ ಬಿತ್ತು. ಕಪಾಟಿನ ತಲೆಯ ಮೇಲಿಟ್ಟು ರಟ್ಟಿನ ಡಬ್ಬಿ ಮುಚ್ಚಿ, "ಅಜ್ಜಾ, ಬಣ್ಣ ಒಣಗೂತನಕ ಏಳು ದಿನ ಹಾಥ್ ನಹೀ ಲಗಾನಾ, ಮುಟ್ಟಬ್ಯಾಡ" ಎಂದು ತಾಕೀತು ಮಾಡಿದಳು.

ಮರುದಿನ ಬೆಳಗಾಗುವ ಮೊದಲೇ ಎದ್ದು ಮಣೆಯ ಮೇಲೆ ಕತ್ತರಿ, ಈಳಿಗೆ, ನಟ್ಟು ತಿರುಗಿಸುವ ನನ್ನ ಹಳೆಯ ಪಾನಾ, ಸೊಸೆಯ ಚಿಮಟ ಎಲ್ಲವನ್ನೂ ಜೋಡಿಸಿದೆ. ಆ ದಿನ ಶೆಡ್ಡಿನಲ್ಲಿ ಕುಂಕುಮ ಇಲ್ಲದ ಎಂಜಿನ್ನನ್ನು ನಾನು ನೋಡಿದವನೇ ಅಲ್ಲ. ಮನೆಯಲ್ಲಿ ಒಂದು ಎಂಜಿನ್ ಬೋಳು ಹಣೆಯಲ್ಲಿ ಕತ್ತಲಲ್ಲಿ ಕುಳಿತಿದೆ, ಕತ್ತರಿಗೆ ಪೂಜೆ ಆಗುತ್ತಿದೆ! ಕೈ ತಡೆಯಲಿಲ್ಲ. ಒಂದೇ ಬೊಟ್ಟು ಇಟ್ಟು, ಅವರು ಏಳುವ ಮೊದಲು ಮೇಲಿಟ್ಟರಾಯಿತು ಎಂದುಕೊಂಡೆ. ಅರಿಶಿನ ಹಚ್ಚಿದೆ, ಕುಂಕುಮ ಹಚ್ಚಿದೆ, ಚೆಂಡು ಹೂವಿನ ಸಣ್ಣ ಸರ ಹಾಕಿದೆ. ಬೆರಳು ಬಣ್ಣಕ್ಕೆ ಅಂಟಿತು. ಸರ ತೆಗೆಯಹೋದರೆ ಎಸಳುಗಳು ಕಿತ್ತುಕೊಂಡು ಮೈಗೇ ಕಚ್ಚಿದವು.

ಬಿಡಿಸುತ್ತಾ ಕುಳಿತಿದ್ದೇನೆ, ಸೊಸೆ ಆರತಿ ತಟ್ಟೆ ಹಿಡಿದು ಬಂದಳು.

"ಏನ್ರಿ ಮಾವಾ ಅದು?"

"ಜಪಾನ್ ರಾಜಂದವಾ," ಎಂದೆ. ಬಾಯಿಗೆ ಬಂದದ್ದೇ ಅದು.

"ರಾಜಂದರೆ ಇರ್ಲಿ, ಯಾರ್ದರೆ ಇರ್ಲಿ. ಗಾಡಿಗೆ ಆರತಿ ಎತ್ಲೇನ್ರಿ ನಾನು? ನನ್ನ ಕೈಲೆ?"

ತಟ್ಟೆಯನ್ನು ನೆಲಕ್ಕಿಟ್ಟು ಒಳಗೆ ಹೋದಳು. ದೀಪ ಅಲ್ಲೇ ಉರಿದು ಆರಿತು. ಸದ್ದಿಗೆ ಎದ್ದ ಮೊಮ್ಮಗಳು ಎಂಜಿನ್ ನೋಡಿ, "ಅಜ್ಜಾ, ಯೇ ಕ್ಯಾ ಕಿಯಾ ಆಪ್‌ನೇ" ಎಂದು ಅಲ್ಲಿಯೇ ಕುಸಿದು ಕುಳಿತಳು. ಒಂದೇ ಬೊಟ್ಟಿನಿಂದ ಇಬ್ಬರ ಕಣ್ಣಲ್ಲೂ ನೀರು ತರಿಸಿದ ಮುದುಕ ನಾನು.

ಅವ್ವ ಮಗಳ ನಡುವೆ ಮಾತು ನಿಂತಿತು. ನಾಲ್ಕನೇ ದಿನ ಹುಡುಗಿ ಎಂಜಿನ್ನನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದಳು. ಠಾಣೆಯ ಪ್ರದರ್ಶನಕ್ಕೆ ಹೆಸರು ಕೊಟ್ಟಿದ್ದಳು, ಅದನ್ನು ತೆಗೆಸಿಬಿಡುತ್ತೇನೆ ಎಂದಳು. "ಮಮ್ಮೀ ಕೋ ತಕಲೀಫ್ ಹೋತಿ ಹೈ, ಬಸ್." ಅವ್ವನಿಗೆ ನೋವಾಗುತ್ತದೆ, ಸಾಕು ಅಂತ. ಆ ಮುಖ ನನಗೆ ಗೊತ್ತಿತ್ತು. ಅಪ್ಪ ತೀರಿಕೊಂಡ ವರ್ಷವೂ ಅವಳು ಹೀಗೆಯೇ ಏನನ್ನೂ ಬೇಡದೆ ಇದ್ದುಬಿಟ್ಟಿದ್ದಳು. ಈಗ ಇದೂ ಟ್ರಂಕು ಸೇರಿದರೆ ಹುಡುಗಿ ಮತ್ತೆ ಯಾವುದಕ್ಕೂ ಕೈ ಹಾಕುವುದಿಲ್ಲ ಎಂದು ಹೆದರಿದೆ.

ಮಧ್ಯಾಹ್ನ ಸೊಸೆ ಜುಮಕಿಗಳಿಗೆ ಕಲ್ಲು ಕೂಡಿಸುತ್ತಿದ್ದಳು. ಎದುರಿಗೆ ಕುಳಿತು ರಾಜನ ಗಾಡಿಯ ಕಟ್ಟಳೆಗಳನ್ನು ಹೇಳಿದೆ. ಹಿಂದಿನಿಂದ ದಾಟುವುದಿಲ್ಲ ಎಂದೆ. ಮೇಲಿನಿಂದ ಹೋಗುವುದಿಲ್ಲ ಎಂದೆ. ಅವಳು ಕೇಳುತ್ತಿದ್ದಳೋ ಇಲ್ಲವೋ. ಪಕ್ಕದ ಹಳಿಯ ಮಾತು ಬಂದಾಗ ಚಿಮಟ ನಿಂತಿತು.

"ಬಾಜೂಕ ಗಾಡಿ ಬರಂಗಿಲ್ಲೇನ್ರಿ?"

"ಬರಂಗಿಲ್ಲವಾ."

"ಖರೇನಾ?"

"ಖರೇನ. ನಿನ್ನ ಮಗಳು ಹುಡುಕಿ ಹುಡುಕಿ ಅದನ್ನ ತಗೊಂಡಾಳ."

ಅವಳು ಹಿಡಿದ ಕಲ್ಲನ್ನು ಕೂಡಿಸಲೂ ಇಲ್ಲ, ಕೆಳಗಿಡಲೂ ಇಲ್ಲ. ನಾನು ಎದ್ದು ಬಾಲ್ಕನಿಗೆ ಹೋದೆ. ಹೆಂಡತಿ ತೀರಿಕೊಂಡಿದ್ದಾಳೆ, ಸೊಸೆಯ ತಲೆ ಸವರುವವರು ಯಾರೂ ಇಲ್ಲ. ಮಾವನಾದ ನಾನು ಸವರುವ ಹಾಗಿಲ್ಲ.

ಆ ಭಾನುವಾರ ಅವಳು ಉಲ್ಹಾಸನಗರಕ್ಕೆ ಹೋಗಲಿಲ್ಲ. ತಾನೇ ಟ್ರಂಕು ಎಳೆದು, ಎಂಜಿನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ಬಣ್ಣಕ್ಕೆ ಕಚ್ಚಿದ ಚೆಂಡು ಹೂವಿನ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಕೀಳತೊಡಗಿದಳು. ಮೊಮ್ಮಗಳು ಎದ್ದು ಬಂದು ಬಾಗಿಲಲ್ಲೇ ನಿಂತಳು.

"ತಿಕ್ಕಿ ಮತ್ತ ಬಣ್ಣಾ ಹಚ್ಚಬೇಕೇನ?" ಎಂದಳು ಅವ್ವ, ತಲೆ ಎತ್ತದೆ.

"ಹಾಂ ಮಮ್ಮೀ."

"ಎಷ್ಟ ದಿನಾ ಮುಟ್ಟಬಾರ್ದು?"

"ಸಾತ್ ದಿನ್."

"ಏಳು ದಿನಾ ನಿಮ್ಮಜ್ಜನ ಕೈ ಕಟ್ಟಿ ಹಾಕೂಣಂತ."

ಹುಡುಗಿ ನಕ್ಕಳು, ನಕ್ಕದ್ದೇ ಅಳತೊಡಗಿದಳು. ನನ್ನ ಕೈ ಕಟ್ಟುವುದೊಂದೇ ಬಾಕಿ, ಅಷ್ಟು ಕಾವಲು ಕಾದರು. ಬಾವುಟದ ಕೋಲುಗಳ ತುದಿಗೆ ಹುಡುಗಿ ಎಷ್ಟು ಸಣ್ಣ ಗುಂಡು ಮಾಡಿದರೂ ದಪ್ಪವಾಗುತ್ತಿತ್ತು. ಸೊಸೆ ತನ್ನ ಡಬ್ಬಿಯಿಂದ ಸಾಸಿವೆಗಿಂತ ಸಣ್ಣ ಬಂಗಾರ ಬಣ್ಣದ ಮಣಿಗಳನ್ನು ಹೆಕ್ಕಿ, ಉಸಿರು ಬಿಗಿಹಿಡಿದು ಅಂಟಿಸಿದಳು.

ನಿನ್ನೆ ಪ್ರದರ್ಶನಕ್ಕೆ ಹೊರಡುವಾಗ ರಿಕ್ಷಾ ತರಲೇ ಎಂದು ಕೇಳಿದೆ. "ಬ್ಯಾಡ್ರಿ, ರಸ್ತೇದಾಗ ಖಡ್ಡಾ ಬಾಳ, ಎಂಜಿನ್ ಕುಲುಕ್ತದ. ಗಾಡೀಲೆ ಹೋಗೂಣು" ಎಂದಳು. ಚಪ್ಪಲಿ ಮೆಟ್ಟುವಾಗ ಅವಳ ಕಾಲು ಎರಡು ಸಲ ತಪ್ಪಿತು. ಮಧ್ಯಾಹ್ನದ ಗಾಡಿ, ಮೂವರಿಗೂ ಸೀಟು ಸಿಕ್ಕಿತು. ಡಬ್ಬಿ ಮೊಮ್ಮಗಳ ತೊಡೆಯ ಮೇಲಿತ್ತು. ದಿವಾ ದಾಟಿದ ಮೇಲೆ ಪಕ್ಕದ ಹಳಿಯಲ್ಲಿ ಗಾಡಿ ಧಡಧಡ ಬಂತು. ಸೊಸೆ ಕಣ್ಣು ಮುಚ್ಚಿ ಎರಡೂ ಕೈಗಳನ್ನು ಆ ಡಬ್ಬಿಯ ಮೇಲೆ ಒತ್ತಿ ಹಿಡಿದಳು. ನಾನು ಬಾಗಿಲ ಕಡೆ ನೋಡಿದೆ. ಯಾರೋ ಇಬ್ಬರು ಗಾಳಿಗೆ ನಿಂತಿದ್ದರು. ಒಳಗೆ ಬನ್ನಿರಪ್ಪಾ ಎಂದು ಕೂಗಬೇಕೆನಿಸಿತು.

ಠಾಣೆಯ ಸಭಾಂಗಣದಲ್ಲಿ ಎಂಜಿನ್ ಮೇಜಿನ ತುಂಬ ಹಾಸಿದ ಹಳಿಯ ಮೇಲೆ ತಪ್ಪದೆ ಸುತ್ತಿತು. ಬಹುಮಾನ ಕೊಡುವ ಹಿರಿಯರು ಬಗ್ಗಿ ನೋಡಿ, ಈ ಗುಂಡುಗಳನ್ನು ಯಾವ ದೇಶದಿಂದ ತರಿಸಿದಿರಿ ಎಂದು ಮರಾಠಿಯಲ್ಲಿ ಕೇಳಿದರು. ಸೊಸೆ, "ಉಲ್ಹಾಸನಗರ್" ಎಂದಳು. ಸುತ್ತಲಿದ್ದವರೆಲ್ಲ ನಕ್ಕರು. ಅವಳೂ ಸೆರಗು ಬಾಯಿಗೆ ಹಿಡಿದು ನಕ್ಕಳು.

ಸಂಜೆ ಮನೆಗೆ ಬಂದು ರೊಟ್ಟಿ ಬಡಿದಳು, ಎಣ್ಣೆಗಾಯಿ ಮಾಡಿದಳು, ಶೇಂಗಾ ಹಿಂಡಿ ಕುಟ್ಟಿದಳು. ಈ ಎಂಟು ವರ್ಷ ನಾನು ರಾತ್ರಿ ಎಂಟಕ್ಕೆ, ಹುಡುಗಿ ಬಸ್ಸು ಬಂದಾಗ, ಸೊಸೆ ಎಲ್ಲ ಮುಗಿದ ಮೇಲೆ ಅಡುಗೆಮನೆಯಲ್ಲಿ ನಿಂತುಕೊಂಡು ಉಣ್ಣುತ್ತಿದ್ದೆವು. ನಿನ್ನೆ ಮೂರು ತಾಟುಗಳನ್ನು ಒಟ್ಟಿಗೆ ಹಾಕಿದಳು. ಮೊದಲ ತುತ್ತು ಕೈಯಲ್ಲಿರುವಾಗ, "ಅವರಿಗೆ ಬದನೀಕಾಯಿ ಸೇರ್ತಿದ್ದಿಲ್ಲ. ತೆಗೆತೆಗೆದು ನನ್ನ ತಾಟಿಗಿ ಹಾಕ್ತಿದ್ರು" ಎಂದಳು. ನನ್ನ ಮಗ ಹೋದ ಮೇಲೆ ಅವಳ ಬಾಯಿಂದ ಅವನ ಮಾತು ಬಂದದ್ದು ಅದೇ ಮೊದಲು.

"ಸಚ್ಚೀ, ಮಮ್ಮೀ?" ಎಂದಳು ಮೊಮ್ಮಗಳು. "ಔರ್ ಬತಾವ್ ನಾ."

ಸೊಸೆ ಹೇಳುತ್ತಾ ಹೋದಳು. ನಾವು ಕೇಳುತ್ತಾ, ಕಣ್ಣು ಒರೆಸಿಕೊಳ್ಳುತ್ತಾ, ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ಉಂಡೆವು.