ಅಕ್ಕೋರ ಟೇಪ್ ರೆಕಾರ್ಡರು

"ಇದ್ಕೆ ಶಾಲೆ ಆಗೂದಲ್ಲ ತಮ್ಮಾ, ಬರ್ದಿಟ್ಕೊ" ಎಂದು ಅಪ್ಪನಿಗೆ ಹೇಳಿದವರು ನಮ್ಮ ದೊಡ್ಡಪ್ಪ. ಗದ್ದೆಯಲ್ಲಿ ಮಾತಾಡಿದರೆ ಅವರ್ಸಾ ಊರಿನ ಬಸ್ ಸ್ಟಾಪಿಗೆ ಕೇಳುವ ಗಂಟಲು ಅವರದು. 'ಇದು' ಎಂದರೆ ನನ್ನ ತಂಗಿ. ದೊಡ್ಡಪ್ಪ ಬಾಯಿ ತೆರೆದರೆ ಅವಳು ಕಿವಿ ಮುಚ್ಚಿಕೊಂಡು ಕೊಟ್ಟಿಗೆಗೆ ಓಡುತ್ತಿದ್ದಳು. ಶಾಲೆಯಲ್ಲಿ ಗಂಟೆಯಾಗಿ ನೇತುಹಾಕಿದ್ದ ರೈಲುಹಳಿಯ ತುಂಡನ್ನು ಬಡಿದರಂತೂ ಗೇಟು ದಾಟಿ ಮನೆಗೇ ಬಂದುಬಿಡುತ್ತಿದ್ದಳು.

ಕಾರವಾರದಿಂದ ಶಾಲೆಗೆ ವರ್ಗವಾಗಿ ಬಂದ ಟೀಚರು, ನಮ್ಮ ಕಡೆಯ ಮಾತಲ್ಲಿ ಅಕ್ಕೋರು, ಒಂದು ಸಂಜೆ ನಮ್ಮ ಜಗುಲಿ ಹತ್ತಿದರು. ಬಳೆಯ ತುಂಬ ಸೇಫ್ಟಿಪಿನ್ನು, ಚೀಲದ ಭಾರಕ್ಕೆ ವಾಲಿದ ಎಡಹೆಗಲು. ಆಟಿಸಂ ಎಂಬ ಮಾತನ್ನು ನಾವು ಮೊದಲು ಕೇಳಿದ್ದು ಅವರ ಬಾಯಿಂದ. "ನಮ್ಗೆ ಅದು ಸದ್ದು. ಅವ್ಳಿಗೆ ಪೆಟ್ಟು ಬಿದ್ದಂಗೆ" ಎನ್ನುತ್ತಾ ಚೀಲದಿಂದ ಟೇಪ್ ರೆಕಾರ್ಡರು ತೆಗೆದರು. ಅದರಲ್ಲಿ ಶಾಲೆಯ ಗಂಟೆಯನ್ನೇ ರೆಕಾರ್ಡು ಮಾಡಿ ತಂದಿದ್ದರು. ವಾಲ್ಯೂಮಿನ ಗುಂಡಿಯ ಮೇಲೆ ತಂಗಿಯ ಬೆರಳಿಟ್ಟು, "ನೀನೇ ತಿರುಗ್ಸು ಮಗಾ. ನಿಂಗೆ ಎಷ್ಟು ಬೇಕೋ ಅಷ್ಟೇ" ಎಂದರು.

ಅಲ್ಲಿವರೆಗೆ ನಾವು ಅವಳ ಕಿವಿಗೆ ಹತ್ತಿ ತುರುಕಿದ್ದೆವು, ಗದರಿಸಿದ್ದೆವು. ಗುಂಡಿಯನ್ನು ಅವಳ ಕೈಗೇ ಕೊಡಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮೊದಮೊದಲು ಸೊಳ್ಳೆಯ ದನಿಯಷ್ಟಿದ್ದ ಗಂಟೆ ಮಳೆಗಾಲ ಕಳೆಯುವಷ್ಟರಲ್ಲಿ ಅಂಗಳಕ್ಕೆ ಕೇಳತೊಡಗಿತು. "ಮನೇಲೇ ಗಂಟೆ ಹೊಡಿತದಲ್ಲ, ಊಟಕ್ಕೆ ಬಿಡ್ತ್ರಾ?" ಎಂದು ದೊಡ್ಡಪ್ಪ ನಗುತ್ತಿದ್ದರು. ತಂಗಿ ಮಾತ್ರ ಅವಲಕ್ಕಿ ತಿನ್ನುತ್ತಾ ಗುಂಡಿ ತಿರುಗಿಸುತ್ತಿದ್ದಳು. ಶಾಲೆಯಲ್ಲೂ ಕೂರತೊಡಗಿದಳು.

ಏಳನೆಯ ತರಗತಿಯ ಪರೀಕ್ಷೆ ಬಿದ್ದದ್ದು ಅಂಕೋಲೆಯ ಬೇರೊಂದು ಶಾಲೆಯಲ್ಲಿ. ಅಲ್ಲಿಯ ಗಂಟೆ ಕಂಚಿನದು, ದನಿಯೇ ಬೇರೆ. ಬೆದರಿ ಎದ್ದರೆ ವರ್ಷವೇ ಹೋದಂತೆ. ಅಕ್ಕೋರು ಒಂದು ಭಾನುವಾರ ಬಸ್ಸು ಹತ್ತಿ ಅಲ್ಲಿಗೇ ಹೋದರು. "ರಜಾ ದಿನ ಗಂಟೆ ಹೊಡುದಾ ಅಕ್ಕೋರೆ? ಊರೋರು ನಂಗೆ ಹುಚ್ಚು ಅಂಬ್ರು" ಎಂದ ಜವಾನನಿಂದಲೇ ಹೊಡೆಸಿ, ರೆಕಾರ್ಡು ಮಾಡಿಕೊಂಡು ಬಂದು ತಂಗಿಗೆ ಕೊಟ್ಟರು.

ಪರೀಕ್ಷೆಯ ದಿನ ಕಂಪೌಂಡಿನ ಹೊರಗೆ ಅವರ ಪಕ್ಕದಲ್ಲಿ ನಾನಿದ್ದೆ. ಗಂಟೆ ಹೊಡೆಯಿತು. ಕಿಟಕಿಯೊಳಗೆ ತಂಗಿಯ ಎರಡೂ ಕೈ ಕಿವಿಯತ್ತ ಎದ್ದು ಅರ್ಧದಲ್ಲೇ ನಿಂತವು. ಬಲಗೈ ಬೆಂಚಿನ ಅಂಚಿಗಿಳಿಯಿತು. ಎರಡು ಬೆರಳು, ಇಲ್ಲದ ಗುಂಡಿಯನ್ನು ಮೆಲ್ಲಗೆ ತಿರುಗಿಸಿದವು. ಆಮೇಲೆ ಪೆನ್ನು ಹಿಡಿದವು. ಅಕ್ಕೋರು ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಬಳೆಯ ಪಿನ್ನು ಚುಚ್ಚಿತು.

ನಾನು ದಿನಾ ಬಸ್ಸಿನಲ್ಲಿ ನಿಂತೇ ಕಾಲೇಜಿಗೆ ಹೋಗಿ ಓದಿ, ಮುಂದೆ ನಮ್ಮ ಮನೆಯ ಮೊದಲ ಪದವೀಧರೆಯಾದೆ. ಆ ಹೆಮ್ಮೆ ನನಗೆ ಚೆನ್ನಾಗಿಯೇ ಇದೆ. ಆದರೂ ಕಲಿಯುವುದು ಎಂದಾಗ ಕಣ್ಣಿಗೆ ಬರುವುದು ಆ ಎರಡು ಬೆರಳು, ಅವಕ್ಕೆ ಗುಂಡಿ ಕೊಟ್ಟ ಅಕ್ಕೋರು.

ಆ ವರ್ಷ ಏಳನೆಯ ತರಗತಿ ಪಾಸಾದ ಸರ್ಟಿಫಿಕೇಟನ್ನು ಅಕ್ಕೋರು ತಂಗಿಯ ಕೈಗೇ ಕೊಟ್ಟರು. ಬಾಗಿಲಲ್ಲಿದ್ದ ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದವರು ಅವಳನ್ನು ನೋಡಿ ನುಂಗಿಕೊಂಡರು. ಹತ್ತಿರ ಬಂದು, ನಾವು ಅವರಿಂದ ಎಂದೂ ಕೇಳದ ಮೆಲುದನಿಯಲ್ಲಿ ಕೇಳಿದರು: "ಅಕ್ಕೋರೆ, ಇಷ್ಟು ಸಣ್ಣಕ್ಕೆ ಮಾತಾಡಿದ್ರೆ ಸಾಕಾ, ನಮ್ಮ ಹುಡ್ಗಿಗೆ?"