ಗಂಡನ ಕಿವಿ ಹರಿಸಿದ ವೆಬ್‌ಸೈಟು

ನನ್ನ ಗಂಡನ ಎಡಗಿವಿಯ ತುದಿ ಹರಿದದ್ದು ನಾನು ಮಾಡಿದ ವೆಬ್‌ಸೈಟಿನಿಂದ. ಕಚ್ಚಿದವನು ಬೇರೆಯವನು, ಅದು ಖರೆ. ಆದರೆ ಆ ಕಿವಿಯನ್ನು ಅವನ ಹಲ್ಲಿನವರೆಗೆ ಒಯ್ದವಳು ನಾನೇ. ಇದನ್ನು ಫೋನಿನಲ್ಲಿ ಎರಡು ನಿಮಿಷದ ವಿಡಿಯೋ ಮಾಡಿ ಹೇಳಿದಾಗ ಜನ ಬಿದ್ದು ಬಿದ್ದು ನಕ್ಕರು. ನಗಲಿ. ಎರಡು ನಿಮಿಷದಲ್ಲಿ ರಕ್ತದ ವಾಸನೆ ಬರುವುದಿಲ್ಲ. ಇಲ್ಲಿ ಪೂರ್ತಿ ಬರೆಯುತ್ತೇನೆ.

ಮಡಗಾಂವದ ಹತ್ತಿರ, ಕೆಪೆಯ ಪೇಟೆಯ ತುದಿಯಲ್ಲಿ ಒಂದು ನಾಕಾ ಇದೆ. ಬೆಳಿಗ್ಗೆ ಕೂಲಿಯವರು ಬಂದು ನಿಲ್ಲುತ್ತಾರೆ, ಕೆಲಸ ಇರುವವರು ಗಾಡಿ ತಂದು ಕರೆದುಕೊಂಡು ಹೋಗುತ್ತಾರೆ. ನಿಲ್ಲುವವರೆಲ್ಲ ನಮ್ಮ ಕಡೆಯವರೇ, ಬಾದಾಮಿ, ಸವದತ್ತಿ, ಮುದ್ದೇಬಿಹಾಳದವರು. ಅಲ್ಲಿ ಒಂದು ರಿವಾಜಿದೆ. ಬಂದವನು ತನ್ನ ಸಾಮಾನನ್ನು ಮೋರಿಯ ಕಟ್ಟೆಯ ಮೇಲೆ ಸಾಲಾಗಿ ಇಡಬೇಕು. ಗೌಂಡಿಯಾದರೆ ಕರಣೆ, ಮಣ್ಣು ಅಗೆಯುವವನಾದರೆ ಸಲಿಕೆ. ಸಾಮಾನು ಎಲ್ಲಿದೆಯೋ ಅದೇ ಅವನ ಪಾಳಿ. ಅವನು ಚಹಾ ಕುಡಿಯಲು ಹೋದರೂ ಸಾಮಾನು ಅವನ ಬದಲಿಗೆ ನಿಂತಿರುತ್ತದೆ. ಗಾಡಿ ಬಂದರೆ ಮೊದಲ ಸಾಮಾನಿನವನು ಹತ್ತಬೇಕು. ಇನ್ನೊಬ್ಬನ ಸಾಮಾನು ಮುಟ್ಟಿದವನಿಗೆ ಒದೆ. ಇದನ್ನೆಲ್ಲ ನೋಡಿಕೊಳ್ಳುವವರು ಒಬ್ಬ ಮುದುಕರು. ಎಲ್ಲರೂ ಕಾಕಾ ಎನ್ನುತ್ತಾರೆ. ಬೆನ್ನು ಬಾಗಿ ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ನಾಕಾ ಬಿಟ್ಟಿಲ್ಲ.

ನನ್ನ ಗಂಡ ಹಂಚಿನ ಕೆಲಸದವನು. ಮಳೆಗಾಲಕ್ಕೆ ಮುಂಚೆ ಹಳೆಯ ಮನೆಗಳ ಹಂಚು ಇಳಿಸಿ, ಒಡೆದದ್ದನ್ನು ಬದಲಿಸಿ, ಹಂಚಿನಡಿಯ ಕೊಳೆತ ಮರದ ರೀಪು ತೆಗೆದು ಮತ್ತೆ ಹೊದಿಸುತ್ತಾನೆ. ಉಳಿದ ತಿಂಗಳು ಗಿಲಾವು, ಗೋಡೆ, ಸಿಕ್ಕಿದ ಕೆಲಸ. ನಮ್ಮ ಖೋಲಿ ಪೇಟೆಯಿಂದ ದೂರ. ಎಷ್ಟೇ ಬೇಗ ಎದ್ದರೂ ಅವನ ಕರಣೆ ಕಟ್ಟೆಯ ಮೇಲೆ ಹನ್ನೆರಡನೆಯದೋ ಹದಿಮೂರನೆಯದೋ ಆಗುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಕೆಲಸವಿಲ್ಲದೆ ಮನೆಗೆ ಬಂದು, ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಅದನ್ನು ನೋಡಿ ನೋಡಿ ನನ್ನ ತಲೆ ಕೆಟ್ಟಿತ್ತು.

ನಾನು ಹಲವು ವರ್ಷ ಪಣಜಿಯಲ್ಲಿ, ಧಾರವಾಡದವರ ಒಂದು ಲಾಡ್ಜಿನ ಕೌಂಟರಿನಲ್ಲಿ ಕೂತಿದ್ದವಳು. ಲಾಡ್ಜಿನ ವೆಬ್‌ಸೈಟಿಗೆ ಬರೆಯುವ ಕೆಲಸವೂ ನನ್ನ ತಲೆಗೇ ಬಂದಿತ್ತು. ಮೊದಲು ‘ಐಷಾರಾಮಿ ವಾಸ್ತವ್ಯ’ ಎಂದು ಬರೆದೆ, ಒಂದು ನರಪಿಳ್ಳೆಯೂ ಬರಲಿಲ್ಲ. ‘ಬಸ್ ಸ್ಟ್ಯಾಂಡಿನಿಂದ ನಡೆದು ಬರುವಷ್ಟು ಹತ್ತಿರ, ಬೆಳಿಗ್ಗೆ ಬಿಸಿನೀರು ಇದೆ’ ಎಂದು ಬರೆದ ಮೇಲೆ ಫೋನು ಬಡಿದುಕೊಳ್ಳತೊಡಗಿತು. ಜನ ಸರ್ಚಿನಲ್ಲಿ ಟೈಪ್ ಮಾಡುವುದು ತಮ್ಮ ತಾಪತ್ರಯವನ್ನು. ನಮ್ಮ ಬಡಾಯಿಯನ್ನು ಯಾರೂ ಹುಡುಕುವುದಿಲ್ಲ.

ಹಾಗಾಗಿ ಗಂಡನ ಕೆಲಸಕ್ಕೆಂದು ಒಂದು ವೆಬ್‌ಸೈಟು ಮಾಡಿದಾಗ ಅದರಲ್ಲಿ ಬಡಾಯಿ ಬರೆಯಲಿಲ್ಲ. ‘ಹಂಚಿನ ಮನೆ ಸೋರುತ್ತಿದೆಯೇ? ಮಳೆ ಹಿಡಿಯುವ ಮುಂಚೆ ಸರಿಮಾಡಿಕೊಡುತ್ತೇವೆ’ ಎಂದು ಇಂಗ್ಲಿಷು, ಹಿಂದಿ, ಕೊಂಕಣಿ ಮೂರರಲ್ಲೂ ಹಾಕಿದೆ. ಅವನು ಕೆಲಸ ಮಾಡಿದ ಒಂದೊಂದು ಊರಿಗೂ ಬೇರೆ ಪುಟ ಮಾಡಿ, ಕೊಳೆತ ರೀಪಿನ ಫೋಟೋ ಪಕ್ಕ ಹೊಸ ರೀಪಿನ ಫೋಟೋ ಇಟ್ಟೆ. ಪುಟ ನೋಡಿದವರೆಲ್ಲ ಗಿರಾಕಿಗಳಲ್ಲ, ಅಂಗಡಿ ಮುಂದೆ ನಿಂತು ನೋಡಿ ಹೋಗುವವರೇ ಹೆಚ್ಚು. ಅವರನ್ನು ಹಿಡಿದು ನಿಲ್ಲಿಸಲು ಒಂದೇ ಸಾಲು ಸಾಕಾಯಿತು: ‘ಸೋರುವ ಜಾಗದ ಫೋಟೋ ಕಳಿಸಿ.’ ಫೋಟೋ ಕಳಿಸಿದವನು ಅರ್ಧ ಗಿರಾಕಿ. ಅವನು ಫೋನು ಕೆಳಗಿಡುವ ಮೊದಲೇ ‘ಇಂಥ ದಿನ ಬರುತ್ತೇವೆ, ಇಷ್ಟು ಹಂಚು ತಂದಿಡಿ’ ಎಂದು ಉತ್ತರ ಹೋದರೆ ಪೂರ್ತಿ ಗಿರಾಕಿ.

ಎಲ್ಲ ಸರಿ ಮಾಡಿದೆ, ಒಂದು ತಪ್ಪು ಮಾಡಿದೆ. ಮ್ಯಾಪಿನಲ್ಲಿ ಕಾಣಬೇಕಾದರೆ ವಿಳಾಸ ಕೊಡಬೇಕು. ನಾನು ಹುಟ್ಟಿ ಬೆಳೆದ ಮನೆ ಬಾಯ್ನಾದಲ್ಲಿತ್ತು. ಸರ್ಕಾರದವರು ಬಂದು ಅದನ್ನು ಕೆಡವಿದ ದಿನ ನಮ್ಮವ್ವ ಒಲೆಯ ಮೇಲಿನ ಪಾತ್ರೆಯನ್ನು ಬಿಸಿಬಿಸಿಯಾಗಿಯೇ ತಲೆಯ ಮೇಲೆ ಇಟ್ಟುಕೊಂಡು ಹೊರಗೆ ಓಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಆಮೇಲೆ ಎಷ್ಟು ಖೋಲಿ ಬದಲಿಸಿದೆವೋ ಲೆಕ್ಕವಿಲ್ಲ. ಈಗಿನ ಮಾಲೀಕರೂ ‘ನಮ್ಮ ಮನೆ ವಿಳಾಸ ಎಲ್ಲೂ ಹಾಕಬೇಡಿ’ ಎಂದಿದ್ದರು. ನಮ್ಮಂಥವರ ಬದುಕಿನಲ್ಲಿ ಇದ್ದ ಜಾಗದಲ್ಲೇ ಇರುವುದು ಯಾವುದು? ನಾಕಾ. ಗಂಡನನ್ನೂ ಕೇಳಲಿಲ್ಲ, ನಾಕಾದ ಮೋರಿ ಕಟ್ಟೆಯ ಮೇಲೆ ಬೆರಳಿಟ್ಟು ಅದೇ ನಮ್ಮ ವಿಳಾಸ ಎಂದು ಒತ್ತಿಬಿಟ್ಟೆ.

ಬೇಸಿಗೆ ಏರುವ ಹೊತ್ತಿಗೆ ಪುಟ ಸರ್ಚಿನಲ್ಲಿ ಎಲ್ಲರಿಗಿಂತ ಮೇಲೆ ಬಂತು. ಮೊದಮೊದಲು ಜನ ಫೋನು ಮಾಡಿದರು. ಆಮೇಲೆ ಫೋನೂ ಇಲ್ಲ, ಮ್ಯಾಪು ಹಿಡಿದು ಸೀದಾ ನಾಕಾಕ್ಕೇ ಬರತೊಡಗಿದರು. ಕಾರಿನ ಗಾಜು ಇಳಿಸಿ, ಮೊಬೈಲಿನಲ್ಲಿದ್ದ ನನ್ನ ಗಂಡನ ಫೋಟೋ ತೋರಿಸಿ, ಇವನು ಬೇಕು ಎನ್ನುವುದು. ಹದಿಮೂರನೆಯ ಕರಣೆ ಎತ್ತಿಕೊಂಡು ನನ್ನ ಗಂಡ ಹತ್ತುವುದು. ಹನ್ನೆರಡು ಜನ ನೋಡುತ್ತ ನಿಲ್ಲುವುದು.

ಇದು ಯಾವುದೂ ಆಗ ನನಗೆ ಗೊತ್ತಿರಲಿಲ್ಲ. ಒಂದು ದಿನ ಅವನ ಚಪ್ಪಲಿಯ ತುಂಬ ಎಲೆಅಡಿಕೆ ಉಗುಳಿತ್ತು. ಇನ್ನೊಂದು ದಿನ ಅಂಗಿಯ ಕಾಲರು ಹರಿದು, ಕುತ್ತಿಗೆಯ ಮೇಲೆ ಐದು ಬೆರಳಿನ ಬಾಸುಂಡೆ. ಕೇಳಿದರೆ ಏಣಿಯಿಂದ ಜಾರಿದೆ ಅಂದ. ಏಣಿಗೆ ಬೆರಳು ಇರುತ್ತವೆಯೇ ಎಂದು ಆಗ ನನಗೆ ಹೊಳೆಯಲಿಲ್ಲ. ಎಷ್ಟು ಜನ ಪುಟ ನೋಡಿದರು ಎಂಬುದನ್ನು ನೋಡುವುದರಲ್ಲೇ ನಾನು ಮುಳುಗಿದ್ದೆ.

ಆ ದಿನ ಬೆಳಿಗ್ಗೆ ಅವನು ಬುತ್ತಿ ಮರೆತು ಹೋಗಿದ್ದ. ಕೊಟ್ಟು ಬರೋಣ ಎಂದು ಹೋದೆ. ನಾನು ರಸ್ತೆಯ ಈಚೆ, ಬಸ್ಸಿನ ಹಿಂದೆ. ಆಚೆ ಒಂದು ಬಿಳಿ ಕಾರು ಬಂದು ನಿಂತಿತು. ಒಳಗಿದ್ದವರು ಕೇಳಿದರು, “ತೋ ವೆಬ್‌ಸೈಟಾಚೊ ಮನೀಸ್ ಖಂಯ್ ಆಸಾ?” ವೆಬ್‌ಸೈಟಿನ ಮನುಷ್ಯ ಎಲ್ಲಿ ಅಂತ.

ಸಾಲಿನಲ್ಲಿ ಮೊದಲ ಕರಣೆ ಬಾದಾಮಿ ಕಡೆಯ ಒಬ್ಬ ಗೌಂಡಿಯದು. ಹಿಂದಿನ ದಿನವೂ ಅವನದೇ ಮೊದಲಿತ್ತಂತೆ. ಬಂದದ್ದು ಒಂದೇ ಗಾಡಿ, ಅದೂ ನನ್ನ ಗಂಡನನ್ನೇ ಕೇಳಿತ್ತಂತೆ. ಅವನು ಎದ್ದು ನನ್ನ ಗಂಡನ ಎದೆಗೆ ಕೈ ಹಚ್ಚಿದ.

“ಸಾಮಾನು ಮುಟ್ಟಬ್ಯಾಡ. ನಿಂದು ಎಷ್ಟನೇದ್ದು ಐತಿ, ಎಣಿಸು ಮೊದಲ.”

“ಗಿರಾಕಿ ನನ್ನ ಕೇಳ್ಯಾರ. ನಾ ಏನ್ ಮಾಡ್ಲಿ?”

“ಗಿರಾಕಿ ಕೇಳ್ಯಾರಂತ! ಹೇಣ್ತಿ ಮನ್ಯಾಗ ಫೋನ್ ಹಿಡ್ಕೊಂಡು ಊರ ಗಂಡಸರನ್ನ ಕರೀತಾಳ, ನೀ ಇಲ್ಲಿ ಕಾರ್ ಹತ್ತಿ ಹೋಗ್ತಿ. ಚಲೋ ಧಂದೆ ಹಚ್ಚೀರಿ ಬಿಡು!”

ಸುಳ್ಳು ಹೇಳುವುದಿಲ್ಲ, ಮೊದಲು ಹೊಡೆದದ್ದು ನನ್ನ ಗಂಡನೇ. ಮುಷ್ಟಿ ಬಿಗಿದು ಬಾಯಿಗೆ ಕೊಟ್ಟ. ಗೌಂಡಿಯ ತುಟಿ ಒಡೆದು ರಕ್ತ ಗದ್ದಕ್ಕೆ ಇಳಿಯಿತು. ಅಷ್ಟೇ, ಬಾಕಿಯವರೆಲ್ಲ ಕಾಯುತ್ತಿದ್ದವರಂತೆ ಮೈಮೇಲೆ ಬಿದ್ದರು. ಒಬ್ಬ ಕಾಲಿಗೆ ರೀಪಿನ ತುಂಡಿನಿಂದ ಹೊಡೆದ. ಆ ಶಬ್ದ ನನಗೆ ರಸ್ತೆಯ ಈಚೆಗೂ ಕೇಳಿಸಿತು. ಕೆಳಗೆ ಬಿದ್ದವನ ಪಕ್ಕೆಗೆ ಯಾರು ಯಾರು ಒದ್ದರೋ, ಧೂಳಿನಲ್ಲಿ ಬರೀ ಕಾಲುಗಳು ಕಾಣುತ್ತಿದ್ದವು. ಬಿಳಿ ಕಾರು ಗಾಜು ಏರಿಸಿಕೊಂಡು ಹೋಗಿಬಿಟ್ಟಿತು. ನಾನು ಓಡಿ ಮುಟ್ಟುವ ಹೊತ್ತಿಗೆ ಗೌಂಡಿ ಅವನ ಎದೆಯ ಮೇಲೆ ಕೂತು ಕಿವಿಗೆ ಬಾಯಿ ಹಾಕಿದ್ದ.

ನನ್ನ ಕೈಯಲ್ಲಿ ಸ್ಟೀಲಿನ ಬುತ್ತಿ ಡಬ್ಬಿ ಇತ್ತು. ಗೌಂಡಿಯ ನೆತ್ತಿಗೆ ಅದರಿಂದ ಬಾರಿಸಿದೆ. ಒಂದು ಸಲಕ್ಕೆ ಬಿಡಲಿಲ್ಲ. ಎರಡು, ಮೂರು. ಮುಚ್ಚಳ ಹಾರಿ ಪಲ್ಯ ಅವನ ಬೆನ್ನ ಮೇಲೆಲ್ಲ ಸುರಿಯಿತು. ಅವನು ತಲೆ ಎತ್ತಿದಾಗ ಹಲ್ಲೆಲ್ಲ ಕೆಂಪು, ಯಾವ ರಕ್ತ ಯಾರದು ಎಂದು ತಿಳಿಯುವಂತಿರಲಿಲ್ಲ. ಕಾಕಾ ಕೋಲಿನಿಂದ ಎಲ್ಲರ ಬೆನ್ನಿಗೂ ಹೊಡೆಯುತ್ತ, “ಬಿಡ್ರೋ, ಸತ್ತಗಿತ್ತಾನು!” ಎಂದು ಕೂಗಿದ ಮೇಲೆ ಜನ ಬಿಟ್ಟರು. ಗೌಂಡಿ ಎದ್ದವನು ಸೀದಾ ಕಟ್ಟೆಗೆ ಹೋಗಿ, ಸಾಲಿನಿಂದ ನನ್ನ ಗಂಡನ ಕರಣೆ ಎತ್ತಿ, ಕಟ್ಟೆಯ ಆಚೆ ಹರಿಯುವ ಹೊಳೆಗೆ ಎಸೆದ.

“ಇನ್ನ ಈ ಕಟ್ಟಿಮ್ಯಾಲೆ ನಿನ್ನ ಸಾಮಾನು ಕಂಡ್ರ, ಕೈ ಮುರಿತೇನಿ.”

ಸಾಮಾನು ಮುಟ್ಟಿದವನಿಗೆ ಯಾರೂ ಒದೆಯಲಿಲ್ಲ. ಕಾಕಾ ಕೂಡ.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ಮನೆಗೆ ಬಂದ ಮೇಲೆ ಅವನು ಮೊದಲು ಅಂದದ್ದು ಇದೇ ಮಾತು. “ಅದನ್ನ ಅಳಿಸಿಬಿಡು.”

“ಅಷ್ಟು ದಿನ ಯಾಕ ಹೇಳ್ಲಿಲ್ರಿ ನನಗ?”

“ನೀ ಖುಷಿ ಇದ್ದಿ.”

ಸಿಟ್ಟು ಬಂತು. ಅವನ ಮೇಲೋ ನನ್ನ ಮೇಲೋ ಗೊತ್ತಾಗಲಿಲ್ಲ, ಗೋಡೆಗೆ ಗುದ್ದಿ ಕೈ ಊದಿಸಿಕೊಂಡೆ. ಹಂಚಿನ ಕೆಲಸ ಮಳೆ ಬೀಳುವವರೆಗೆ ಮಾತ್ರ. ಆಮೇಲೆ ಸರ್ಚಿನಲ್ಲಿ ನಮ್ಮನ್ನು ಯಾರು ಹುಡುಕುತ್ತಾರೆ? ವರ್ಷದ ಉಳಿದ ಅನ್ನವೆಲ್ಲ ಆ ಕಟ್ಟೆಯದೇ. ಕಟ್ಟೆಯ ಮೇಲೆ ಅವನ ಸಾಮಾನಿಗೆ ಜಾಗವಿಲ್ಲ ಎಂದರೆ ಕೆಪೆಯಲ್ಲಿ ನಮಗೇ ಜಾಗವಿಲ್ಲ. ಮತ್ತೊಂದು ಊರು, ಮತ್ತೊಂದು ಖೋಲಿ. ಬಾಯ್ನಾದಿಂದ ಹೊರಟದ್ದು ಸಾಕಾಗಿತ್ತು ನನಗೆ.

ಅಳಿಸಲು ಕೂತೆ. ಬೆರಳು ಬಟನ್ನಿನ ಮೇಲೆಯೇ ಇತ್ತು. ಅಷ್ಟರಲ್ಲಿ ಇನ್ನೊಂದು ಸೋರುವ ಜಾಗದ ಫೋಟೋ ಬಂತು. ಫೋನು ಮುಚ್ಚಿಟ್ಟೆ.

ಹೊಲಿಗೆ ಬಿಚ್ಚಿದ ಮರುದಿನ ಬೆಳಿಗ್ಗೆ ಪೇಟೆಯಲ್ಲಿ ಹೊಸ ಕರಣೆ ಕೊಂಡು, ಗಂಡನನ್ನು ಕರೆದುಕೊಂಡು ನಾಕಾಕ್ಕೆ ಹೋದೆ. ಅವನು ಬರುವುದಿಲ್ಲ ಎಂದ. “ಬರ್ರಿ, ಇಲ್ಲಂದ್ರ ನಾನ ಹೋಗಿ ಕಟ್ಟಿಮ್ಯಾಲೆ ಕುಂದ್ರತೇನಿ” ಅಂದೆ. ಬಂದ, ಕುಂಟುತ್ತ.

ನಮ್ಮನ್ನು ನೋಡಿ ಎಲ್ಲರೂ ಎದ್ದರು. ಒಬ್ಬನ ಕೈ ಸಲಿಕೆಗೆ ಹೋಯಿತು. ಗೌಂಡಿಯ ತಲೆಗೂ ಪಟ್ಟಿ ಇತ್ತು. ನಾನು ಕಾಕಾನ ಮುಂದೆ ಫೋನು ಹಿಡಿದೆ.

“ಕಾಕಾ, ಇದನ್ನ ಅಳಸೂದು ಒಂದ್ ಗಳಿಗಿ ಕೆಲಸ. ಅಳಸಿದ್ರ ಆ ಕಾರುಗಳು ನಿಮ್ಮ ಕಡೆ ಹೊಳ್ಳೂದಿಲ್ರಿ. ಮಡಗಾಂವದಾಗಿನ ಹಂಚು ಹೊದಿಸೋ ಕಂಪನಿ ಕಡೆ ಹೋಕ್ಕಾವು. ನಿಮಗೂ ಇಲ್ಲ, ನಮಗೂ ಇಲ್ಲ.”

“ಮತ್ತ ಏನಂತಿ?”

“ಪುಟ ನಾಕಾದ್ದು ಆಗ್ಲಿ. ಎಲ್ಲಾರ ಫೋಟೋ ಹಾಕ್ತೇನಿ. ಫೋನ್ ನನಗ ಬರ್ಲಿ. ಯಾರ ಸಾಮಾನು ಮೊದಲೈತೋ ಅವರು ಹೋಗ್ಲಿ. ಇವರ ಕರಣಿ ಕಟ್ಟಿಮ್ಯಾಲೆ ಇರಬೇಕು, ಅಷ್ಟ.”

ಗೌಂಡಿ ನಕ್ಕ. “ಅಕ್ಕಾರು ಭಾಳ ಶಾಣ್ಯಾ ಅದಾರ. ಮೊದಲಿನ ಧಂದೆ ಒಬ್ಬನ ಸಲುವಾಗಿ, ಈಗ ಊರಿಗೆಲ್ಲ!”

ಗೋಡೆಗೆ ಗುದ್ದಿದ, ಇನ್ನೂ ಊತ ಇಳಿಯದ ಕೈಯಿಂದಲೇ ಅವನ ಕಪಾಳಕ್ಕೆ ಬಿಟ್ಟೆ. ಅವನು ಕಟ್ಟೆಯ ಮೇಲೆ ಕುಕ್ಕರಿಸಿದ. ಸಾಲಿನ ಸಾಮಾನುಗಳೆಲ್ಲ ಝಣ್ ಅಂದವು. ಇಬ್ಬರು ನನ್ನ ಮೇಲೆ ಏರಿ ಬಂದರು, ನನ್ನ ಗಂಡ ಹೊಸ ಕರಣೆಯ ಚೂಪು ತುದಿಯನ್ನು ಮುಂದೆ ಮಾಡಿ ನಡುವೆ ನಿಂತ. ಆ ಗಳಿಗೆಯಲ್ಲಿ ಯಾರಾದರೂ ಒಂದು ಹೆಜ್ಜೆ ಇಟ್ಟಿದ್ದರೆ ಹೊಟ್ಟೆ ಸೀಳಿಯೇ ಬಿಡುತ್ತಿದ್ದ. ಇಪ್ಪತ್ತು ವರ್ಷ ಜೊತೆಗಿದ್ದವಳು ನಾನು, ಆ ಮುಖ ಒಮ್ಮೆಯೂ ನೋಡಿರಲಿಲ್ಲ.

ಕಾಕಾ ಕೋಲನ್ನು ಕಲ್ಲಿಗೆ ಬಡಿದರು. “ಬಾಯಿ ಹೊಲಸು ಮಾಡಿದ್ದಕ್ಕ ಕಪಾಳಕ್ಕ ಬಿತ್ತು. ಮುಗೀತು. ಲೇ ಗೌಂಡಿ, ಸಾಮಾನು ಮುಟ್ಟಿ ಹೊಳಿಗೆ ಒಗದಿ, ಅದರ ಸಲುವಾಗಿ ನಾನ ನಿನಗ ಹೊಡೀಬೇಕಾಗಿತ್ತು, ಹೊಡೀಲಿಲ್ಲ. ನಂದು ತಪ್ಪು. ಯವ್ವಾ, ನೀ ಹೇಳಿದಂಗ ಆಗ್ಲಿ. ಆದ್ರ ಒಮ್ಮೆ ಪಾಳಿ ತಪ್ಪಿಸಿದ್ರ, ನಿನ್ನ ಗಂಡನ ಮತ್ತೊಂದು ಕಿವಿ ನಾ ಕಾಯಂಗಿಲ್ಲ.”

ಆಗಲೇ ಫೋನು ಬಂತು. ನಾನು ಅಳಿಸಲು ಕೂತಾಗ ಫೋಟೋ ಕಳಿಸಿದ್ದ ಮನೆಯವರು, ಹೆಂಗಸು. ಅಡುಗೆಮನೆಯ ಮೇಲಿನ ಹಂಚು ಪೂರ್ತಿ ಕುಸಿದಿದೆ, ಫೋಟೋದಲ್ಲಿರುವ ಆ ಮನುಷ್ಯನೇ ಬರುತ್ತಾನಲ್ಲ ಎಂದು ಕೇಳಿದರು. ಕಟ್ಟೆ ನೋಡಿದೆ. ಮೊದಲ ಕರಣೆ ಗೌಂಡಿಯದು. ಅವನು ಕೆನ್ನೆ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು.

ಲಾಡ್ಜಿನ ಕೌಂಟರಿನಲ್ಲಿ ಕಲಿತದ್ದು, ಫೋನಿನಲ್ಲಿ ತಡವರಿಸಿದರೆ ಗಿರಾಕಿ ಹೋದ ಎಂದೇ ಲೆಕ್ಕ. ತಡವರಿಸಲಿಲ್ಲ. “ಅವರಲ್ಲ ಮೇಡಂ, ಇನ್ನೊಬ್ಬರು ಬರುತ್ತಾರೆ. ಅವರಷ್ಟೇ ಒಳ್ಳೆ ಕೆಲಸ. ನಂಬಿ ಮನೆ ಬಿಟ್ಟುಕೊಡಬಹುದು” ಎಂದು ಹಿಂದಿಯಲ್ಲಿ ಅಂದೆ. ಹೇಳುವಾಗ ಗಂಡನ ಕಡೆ ತಿರುಗಲಿಲ್ಲ. ಗೌಂಡಿ ತನ್ನ ಕರಣೆ ಎತ್ತಿಕೊಂಡು ಹೋದ.

ಆ ಹೆಂಗಸು ಆಮೇಲೆ ಪುಟದ ಕೆಳಗೆ ಐದು ಚುಕ್ಕೆ ಕೊಟ್ಟು, ಗೌಂಡಿಯ ಬಗ್ಗೆ ಶಾಂತ ಸ್ವಭಾವದ ಮನುಷ್ಯ ಎಂದು ಬರೆದರು. ನನ್ನ ಗಂಡ ಅದನ್ನು ಎರಡು ಸಲ ಓದಿಸಿದ. “ಶಾಂತ ಅಂತ?” ಅಂದ. ಹರಿದ ಕಿವಿಯನ್ನು ಒಮ್ಮೆ ಮುಟ್ಟಿ ನೋಡಿಕೊಂಡ, ನಗಲಿಲ್ಲ. ಮರುದಿನ ಬೆಳಿಗ್ಗೆ ಎದ್ದು ನಾಕಾಕ್ಕೆ ಹೋದ. ಅವನ ಹೊಸ ಕರಣೆ ಸಾಲಿನಲ್ಲಿ ಹದಿಮೂರನೆಯದು. ಮಧ್ಯಾಹ್ನದವರೆಗೂ ಅಲ್ಲೇ ಇತ್ತು, ಯಾರೂ ಮುಟ್ಟಲಿಲ್ಲ.